ಆಸ್ಪತ್ರೆಯ ಹಜಾರದಿಂದ ಮನೆಯ ಹಜಾರಕ್ಕೆ

(ನಮ್ಮ ಸಂಸ್ಥೆಯ ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹೃದಯದ ವಿಚಾರವಾಗಿ ಊಟಕ್ಕೆ ಮುಂಚೆಯೇ ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಊಟವಾದ ಮೇಲೆ ಮಾತನಾಡಿದ್ದರೆ ಎರಡನೆಯ ಒಬ್ಬಟ್ಟು ಹಾಕಿಸಿಕೊಂಡವರಿಗೆ ಮುಜುಗರವಾಗುತ್ತಿತ್ತೇನೋ! ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ವೈದ್ಯರಲ್ಲ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಕೆಲಸ. ಈ ಸಭೆಯಲ್ಲೇ ಹಲವು ಮಂದಿ ವೈದ್ಯರು ಕುಳಿತಿದ್ದಾರೆ. ಔಷಧಿ, ಚಿಕಿತ್ಸೆಯ ಮಾತೆಲ್ಲ ಅವರಿಗೆ ಬಿಟ್ಟದ್ದು. 2020ರ ಕೋವಿಡ್ ಕಾಲದಲ್ಲಿ ಹಿರಿಯರ ಮನೆಗಳಿಗೆ ವಿಡಿಯೋ ಕರೆಯ ವ್ಯವಸ್ಥೆ ಮಾಡಿಕೊಡುತ್ತಿದ್ದ ಸ್ವಯಂಸೇವಕರ ಗುಂಪಿನಲ್ಲಿ ನಾವೂ ಇದ್ದೆವು. ಆಗ ಕಂಡದ್ದನ್ನು ಮತ್ತು ಆ ಮೇಲೆ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ರಿಹ್ಯಾಬ್ ಎಂದರೆ ಏನು?

ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ, ಬೈಪಾಸ್ ಅಥವಾ ಕವಾಟದ ಶಸ್ತ್ರಚಿಕಿತ್ಸೆ ಆದವರಿಗೆ, ಹಾರ್ಟ್ ಫೇಲ್ಯೂರ್ ಇರುವವರಿಗೆ ನಮ್ಮ ಎನ್‌ಎಚ್‌ಎಸ್ ಉಚಿತವಾಗಿ ಕೊಡುವ ಸೇವೆಯೇ ಕಾರ್ಡಿಯಾಕ್ ರಿಹ್ಯಾಬ್. ಕನ್ನಡದಲ್ಲಿ ಹೃದಯ ಪುನಶ್ಚೇತನ ಎನ್ನೋಣ. ಕೆಲವು ವಾರಗಳ ಕಾಲ, ವಾರಕ್ಕೆ ಒಂದೆರಡು ಸಲ, ಆಸ್ಪತ್ರೆಯ ಜಿಮ್ಮಿನಲ್ಲೋ ಬಡಾವಣೆಯ ಸಮುದಾಯ ಭವನದಲ್ಲೋ ರೋಗಿಗಳನ್ನು ಸೇರಿಸುತ್ತಾರೆ. ನರ್ಸ್, ಫಿಸಿಯೋಥೆರಪಿಸ್ಟ್, ಆಹಾರ ತಜ್ಞರು ಇರುತ್ತಾರೆ. ವ್ಯಾಯಾಮ ಅದರ ಒಂದು ಭಾಗ ಮಾತ್ರ. ಯಾವ ಮಾತ್ರೆ ಏತಕ್ಕೆ, ಊಟ ಹೇಗಿರಬೇಕು, ಸಿಗರೇಟು ಬಿಡುವುದು ಹೇಗೆ, ಕೆಲಸಕ್ಕೆ ಮರಳುವುದು ಯಾವಾಗ, ರಾತ್ರಿ ಎದೆಯಲ್ಲಿ ಚಳಕ್ ಎಂದಾಗ ಹುಟ್ಟುವ ಭಯವನ್ನು ಏನು ಮಾಡುವುದು ಎಂಬುದೆಲ್ಲ ಅದರಲ್ಲಿ ಸೇರಿದೆ.

ನಮ್ಮ ಮನೆಗಳಲ್ಲಿ ಹೃದಯಾಘಾತವಾದವರಿಗೆ ಸಿಗುವ ಮೊದಲ ಸಲಹೆ "ರೆಸ್ಟ್ ತಗೊಳ್ಳಿ" ಎಂಬುದು. ಹಿಂದೆ ವೈದ್ಯರೂ ಹಾಗೆಯೇ ಹೇಳುತ್ತಿದ್ದರು, ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಲೆವೈನ್ ಮತ್ತು ಲೌನ್ ಎಂಬ ವೈದ್ಯರು ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಬಹುದೆಂದು ಬರೆದದ್ದೇ ದೊಡ್ಡ ಸುದ್ದಿಯಾಗಿತ್ತು. ಮರುವರ್ಷ, 1953ರಲ್ಲಿ, ನಮ್ಮ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸೇ ಒಂದು ಪಾಠ ಹೇಳಿತು. ಜೆರ್ರಿ ಮಾರಿಸ್ ಎಂಬ ವೈದ್ಯರು ಬಸ್ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ಆಮೇಲೆ ಇವರ ಸಮವಸ್ತ್ರದ ಅಳತೆಗಳನ್ನೂ ತೆಗೆಸಿ ನೋಡಿದರೆ ಚಾಲಕರ ಪ್ಯಾಂಟಿನ ಸೊಂಟವೇ ಅಗಲ! ದೇಹ ಆಡಿಸುವುದು ಹೃದಯಕ್ಕೆ ಒಳ್ಳೆಯದು ಎಂಬ ಅರಿವಿಗೆ ಈ ನಗರದ ಬಸ್ಸುಗಳ ಕಾಣಿಕೆ ದೊಡ್ಡದು.

2021ರಲ್ಲಿ ಕಾಕ್ರೇನ್ ಸಂಸ್ಥೆಯವರು 85 ಪ್ರಯೋಗಗಳನ್ನು, 23,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ವ್ಯಾಯಾಮ ಆಧಾರಿತ ರಿಹ್ಯಾಬ್ ಪಡೆದವರಲ್ಲಿ ಹೃದಯ ಸಂಬಂಧಿ ಸಾವು ಸುಮಾರು ಕಾಲು ಭಾಗದಷ್ಟು ಕಡಿಮೆ ಎಂದು ಕಂಡುಬಂತು. ಇಷ್ಟು ಪ್ರಯೋಜನವಿದ್ದರೂ ಮಹಾಮಾರಿಗೆ ಮುಂಚೆ ಇದಕ್ಕೆ ಅರ್ಹರಾದವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಬರುತ್ತಿದ್ದರು. ಅದಕ್ಕೆಂದೇ 2019ರ ಜನವರಿಯಲ್ಲಿ ಎನ್‌ಎಚ್‌ಎಸ್ ತನ್ನ ದೀರ್ಘಾವಧಿ ಯೋಜನೆಯಲ್ಲಿ, 2028ರ ವೇಳೆಗೆ ಶೇಕಡ 85ರವರೆಗೆ ತಲುಪಬೇಕೆಂಬ ಗುರಿ ಇಟ್ಟುಕೊಂಡಿತು.

ನಮಗೇಕೆ ಇದರ ಚಿಂತೆ?

ಹೃದಯದ ಕಾಯಿಲೆ ನಮ್ಮ ಜನಕ್ಕೆ ಸ್ವಲ್ಪ ಬೇಗನೆ ಬರುತ್ತದೆ. ಇದು ಮೊದಲು ತಿಳಿದುಬಂದ ಸ್ಥಳಗಳಲ್ಲಿ ಒಂದು, ನಾವೆಲ್ಲ ದಿನಸಿ ತರಲು ಹೋಗುವ ಸೌತ್‌ಹಾಲ್. 1988ರಿಂದ 1991ರವರೆಗೆ ಸೌತ್‌ಹಾಲ್ ಮತ್ತು ಬ್ರೆಂಟ್ ಸುತ್ತಮುತ್ತಲಿನ, 40ರಿಂದ 69 ವಯಸ್ಸಿನ ಸುಮಾರು 5,000 ಜನರನ್ನು ಪರೀಕ್ಷಿಸಲಾಯಿತು. ಭಾರತೀಯ ಮೂಲದವರು ನೋಡಲು ದಪ್ಪವಿಲ್ಲದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು, ಸಕ್ಕರೆ ಕಾಯಿಲೆ ಹೆಚ್ಚಿರುವುದು ಇಂತಹ ಅಧ್ಯಯನಗಳಿಂದ ಸ್ಪಷ್ಟವಾಯಿತು. ಆ ಮೇಲೆ ಬಂದದ್ದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ. ಅದರ ನೇತೃತ್ವ ವಹಿಸಿದ್ದ ಡಾ. ಸಲೀಂ ಯೂಸುಫ್ ಅವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ರ ವಯಸ್ಸಿಗೆ, ಉಳಿದವರಿಗೆ ಸುಮಾರು 59ಕ್ಕೆ ಎಂದು ಆ ಅಧ್ಯಯನ ತೋರಿಸಿತು.

ಅಂಕಿ ಅಂಶ ಮರೆತುಹೋಗಬಹುದು. ಆದರೆ 2021ರ ಅಕ್ಟೋಬರ್ 29 ಯಾವ ಕನ್ನಡಿಗರಿಗೂ ಮರೆಯುವುದಿಲ್ಲ. ಪುನೀತ್ ರಾಜ್‌ಕುಮಾರ್ ಅವರಿಗೆ ಆಗ 46 ವರ್ಷ. ಆ ವಾರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. ಅದರ ಜೊತೆಗೇ "ವ್ಯಾಯಾಮವೇ ಅಪಾಯ" ಎಂಬ ಮಾತೂ ಮನೆ ಮನೆಯಲ್ಲಿ ಹರಡಿತು. ಹೃದಯದ ತೊಂದರೆ ಇರುವವರು ಯಾವ ವ್ಯಾಯಾಮ, ಎಷ್ಟು, ಹೇಗೆ ಮಾಡಬೇಕೆಂದು ಅಳೆದು ಹೇಳುವವರು ಬೇಕು. ಆ ಅಳತೆಯ ಕೆಲಸಕ್ಕೇ ರಿಹ್ಯಾಬ್ ಎಂದು ಹೆಸರು.

ಹಜಾರಕ್ಕೆ ಬೀಗ ಬಿದ್ದಾಗ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಮಹಾಮಾರಿಯೆಂದು ಸಾರಿತು. ಮಾರ್ಚ್ 17ರಂದು ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಲು ಇಲ್ಲಿನ ಆಸ್ಪತ್ರೆಗಳಿಗೆ ಪತ್ರ ಹೋಯಿತು. 23ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಲಂಡನ್ನಿನ ತುರ್ತು ಹೃದಯ ಶಸ್ತ್ರಚಿಕಿತ್ಸೆಯನ್ನು ಸೇಂಟ್ ಬಾರ್ಥಲೋಮ್ಯೂ ಮತ್ತು ಹೇರ್‌ಫೀಲ್ಡ್ ಎಂಬ ಎರಡು ಆಸ್ಪತ್ರೆಗಳಲ್ಲಿ ಒಟ್ಟುಗೂಡಿಸಿದರು. ರಿಹ್ಯಾಬ್ ತರಗತಿಗಳು ನಿಂತವು. ಅಲ್ಲಿನ ನರ್ಸುಗಳನ್ನೂ ಫಿಸಿಯೋಗಳನ್ನೂ ಎಷ್ಟೋ ಕಡೆ ಕೋವಿಡ್ ವಾರ್ಡುಗಳಿಗೆ ಕಳುಹಿಸಿದರು.

ಜನ ಆಸ್ಪತ್ರೆಗೇ ಹೆದರಿದರು. 2019ರಲ್ಲಿ ಇಂಗ್ಲೆಂಡಿನಲ್ಲಿ ಹೃದಯಾಘಾತ ಮತ್ತು ಅಂತಹದೇ ತುರ್ತು ತೊಂದರೆಯಿಂದ ವಾರಕ್ಕೆ ಸುಮಾರು 3,000 ಜನ ದಾಖಲಾಗುತ್ತಿದ್ದರು. 2020ರ ಮಾರ್ಚ್ ಕೊನೆಗೆ ಅದು ಸುಮಾರು 1,800ಕ್ಕೆ ಇಳಿಯಿತು. ಕಾಯಿಲೆ ಇದ್ದಕ್ಕಿದ್ದಂತೆ ಕಡಿಮೆಯಾಯಿತೇ? ಇಲ್ಲ. ಎಷ್ಟೋ ಜನ ಎದೆನೋವನ್ನು ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದು ಮನೆಯಲ್ಲೇ ಕುಳಿತರು. ಆಸ್ಪತ್ರೆಗೆ ಬಂದವರನ್ನು ಆದಷ್ಟು ಬೇಗ ಮನೆಗೆ ಕಳುಹಿಸುತ್ತಿದ್ದರು. ಕೈಯಲ್ಲಿ ಮಾತ್ರೆಗಳ ಚೀಲ, ಮನಸ್ಸಿನಲ್ಲಿ ನೂರು ಪ್ರಶ್ನೆ, ಕೇಳೋಣವೆಂದರೆ ತರಗತಿಯಿಲ್ಲ.

ಹಜಾರವನ್ನು ಮನೆಗೆ ಸಾಗಿಸಿದ್ದು ಹೇಗೆ?

ನಮ್ಮ ವೃತ್ತಿಯಲ್ಲಿ ಹಳೆಯ ವ್ಯವಸ್ಥೆಯನ್ನು ಹೊಸ ಜಾಗಕ್ಕೆ ಸಾಗಿಸುವಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಬಿಡಲೇಬಾರದ್ದು ಯಾವುದು, ಬಿಟ್ಟರೂ ನಡೆಯುವುದು ಯಾವುದು? ರಿಹ್ಯಾಬ್ ತಂಡಗಳೂ ಇದೇ ಪ್ರಶ್ನೆ ಕೇಳಿಕೊಂಡವು. ಟ್ರೆಡ್‌ಮಿಲ್ ಇಲ್ಲದಿದ್ದರೂ ನಡೆಯುತ್ತದೆ. ರೋಗಿಯ ಶಕ್ತಿಯನ್ನು ಅಳೆಯುವುದು, ಅದಕ್ಕೆ ತಕ್ಕ ವ್ಯಾಯಾಮ ಹೇಳುವುದು, ಮಾಡುವಾಗ ಕಣ್ಣಿಡುವುದು, ಮತ್ತೆ ಅಳೆದು ಬದಲಿಸುವುದು, ಈ ನಾಲ್ಕನ್ನು ಬಿಡುವಂತಿಲ್ಲ.

ಅದೃಷ್ಟವಶಾತ್ ಇದು ಪೂರ್ತಿ ಹೊಸ ದಾರಿಯಾಗಿರಲಿಲ್ಲ. ಎಡಿನ್‌ಬರೋದಲ್ಲಿ ಸಿದ್ಧವಾದ 'ಹಾರ್ಟ್ ಮ್ಯಾನ್ಯುಯಲ್' ಎಂಬ, ಮನೆಯಲ್ಲೇ ಅನುಸರಿಸುವ ಕಾರ್ಯಕ್ರಮದ ಪ್ರಯೋಗಫಲ 1992ರಲ್ಲೇ ಪ್ರಕಟವಾಗಿತ್ತು. ಹಾರ್ಟ್ ಫೇಲ್ಯೂರ್ ಇರುವವರಿಗೆ 'ರೀಚ್ ಎಚ್‌ಎಫ್' ಎಂಬ 12 ವಾರಗಳ ಕಾರ್ಯಕ್ರಮವಿತ್ತು. ಕುರ್ಚಿಯ ಮೇಲೆ ಕುಳಿತೇ ಮಾಡುವ ವ್ಯಾಯಾಮದ ಡಿವಿಡಿ, ನಡಿಗೆಯ ಯೋಜನೆಯ ಜೊತೆಗೆ ರೋಗಿಯನ್ನು ನೋಡಿಕೊಳ್ಳುವ ಮನೆಯವರಿಗೂ ಅದರಲ್ಲಿ ಒಂದು ಪುಸ್ತಕವಿತ್ತು. ಮನೆಯ ರಿಹ್ಯಾಬ್ ಆಸ್ಪತ್ರೆಯದಕ್ಕೆ ಕಡಿಮೆಯೇನಲ್ಲ ಎಂದು 23 ಪ್ರಯೋಗಗಳನ್ನು ಒಟ್ಟು ಸೇರಿಸಿ 2017ರಲ್ಲೇ ಹೇಳಿದ್ದರು. ದಾರಿ ಇತ್ತು, ನಡೆಯುವವರು ಕಡಿಮೆ ಇದ್ದರು. ಕೋವಿಡ್ ಎಲ್ಲರನ್ನೂ ಆ ದಾರಿಗೆ ತಳ್ಳಿತು. ಮೊದಲು ಫೋನ್ ಕರೆಗಳು, ಬೇಸಿಗೆಯ ಹೊತ್ತಿಗೆ ಹಲವು ಕಡೆ ವಿಡಿಯೋ ತರಗತಿಗಳು. ಬ್ರಿಟಿಷ್ ಹಾರ್ಟ್ ಫೌಂಡೇಷನ್ ಕೂಡ 2020ರಲ್ಲಿ ಮನೆಯಲ್ಲೇ ನೋಡಿ ಮಾಡುವ ರಿಹ್ಯಾಬ್ ವಿಡಿಯೋಗಳನ್ನು ಹೊರತಂದಿತು.

ಈಗ ಆ ಅಳತೆಯ ವಿಚಾರ. ಆಸ್ಪತ್ರೆಯಲ್ಲಾದರೆ ಶಂಕುಗಳನ್ನಿಟ್ಟು 10 ಮೀಟರ್ ದಾರಿಯಲ್ಲಿ ನಡೆಸಿ ನೋಡುತ್ತಾರೆ. ಲಂಡನ್ನಿನ ಫ್ಲ್ಯಾಟುಗಳಲ್ಲಿ 10 ಮೀಟರ್ ಎಲ್ಲಿಂದ ತರುವುದು! ಅದಕ್ಕೆ ಬದಲಾಗಿ ಕುರ್ಚಿಯಿಂದ ಎದ್ದು ಕೂರುವ ಪರೀಕ್ಷೆ ಬಂತು. ನಾಡಿ ನೋಡೋಣವೆಂದರೆ, ಹೃದ್ರೋಗಿಗಳಲ್ಲಿ ಹಲವರು ತೆಗೆದುಕೊಳ್ಳುವ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ನಿಧಾನ ಮಾಡುತ್ತದೆ. ಬರೀ ನಾಡಿ ನಂಬಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬುವರ ಅಳತೆಗೋಲು ಮುಖ್ಯವಾಯಿತು. ಎಷ್ಟು ಶ್ರಮವಾಗುತ್ತಿದೆ ಎಂದು ರೋಗಿಯೇ 6ರಿಂದ 20ರೊಳಗೆ ಒಂದು ಅಂಕಿ ಹೇಳಬೇಕು. ರಿಹ್ಯಾಬಿನಲ್ಲಿ ಸಾಮಾನ್ಯವಾಗಿ 11ರಿಂದ 14ರೊಳಗೆ ಇರಲಿ ಎನ್ನುತ್ತಾರೆ. ಇನ್ನೂ ಸುಲಭವಾಗಿ ಹೇಳುವುದಾದರೆ, ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು.

ಸುರಕ್ಷತೆಗೂ ನಿಯಮಗಳಿದ್ದವು. ಪ್ರತಿ ವಿಡಿಯೋ ತರಗತಿಯ ಆರಂಭದಲ್ಲಿ ರೋಗಿ ಈಗ ಇರುವ ವಿಳಾಸ, ಫೋನ್ ನಂಬರ್ ಕೇಳಿಕೊಳ್ಳುತ್ತಿದ್ದರು, ಏಕೆಂದರೆ ಏನಾದರೂ ಆದರೆ ಆಂಬುಲೆನ್ಸ್ ಬರಬೇಕಾದ್ದು ಮನೆಗೆ. ಮನೆಯಲ್ಲಿ ಇನ್ನೊಬ್ಬರು ಇರಲಿ, ಕುರ್ಚಿಗೆ ಗಾಲಿ ಬೇಡ, ಅದು ಗೋಡೆಗೆ ಆನಿಸಿರಲಿ, ಕೊಟ್ಟಿದ್ದರೆ ನಾಲಿಗೆಯ ಕೆಳಗಿನ ಸ್ಪ್ರೇ ಕೈಗೆ ಸಿಗಲಿ ಎನ್ನುತ್ತಿದ್ದರು. ನಮ್ಮ ಗುಂಪಿನ ಕೆಲಸ ಇಲ್ಲಿಯೇ. ಟ್ಯಾಬ್ಲೆಟ್ಟನ್ನು ಯಾವ ಎತ್ತರದಲ್ಲಿಟ್ಟರೆ ತಲೆಯಿಂದ ಪಾದದವರೆಗೆ ಕಾಣುತ್ತದೆ, ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಏಕೆ ಕಪ್ಪಾಗುತ್ತದೆ, ಕುಕ್ಕರ್ ಕೂಗುವಾಗ ಮೈಕ್ ಆರಿಸುವುದು ಹೇಗೆ, ಇಂತಹ ಸಣ್ಣ ಸಣ್ಣ ಸಂಗತಿಗಳು. ಪಾದ ಕಾಣದಿದ್ದರೆ ಫಿಸಿಯೋಗೆ ಊತ ಕಾಣುವುದಿಲ್ಲ. ಮುಖ ಕಾಣದಿದ್ದರೆ ಬೆವರು ಕಾಣುವುದಿಲ್ಲ.

ಒಂದೇ ಮನೆ, ಎರಡು ಹೃದಯ

ಹ್ಯಾರೋದಲ್ಲಿ ಮಗ ಸೊಸೆಯ ಜೊತೆ ಇರುವ ಹಾಸನದ ಕಡೆಯ ಹಿರಿಯ ದಂಪತಿಗಳ ವಿಚಾರ, ಅವರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಹೇಳುತ್ತೇವೆ. ಯಜಮಾನರಿಗೆ 2020ರ ಮೇ ತಿಂಗಳಲ್ಲಿ ಸ್ಟೆಂಟ್ ಹಾಕಿದರು. ನಿವೃತ್ತ ಮೇಷ್ಟರು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ವಿಡಿಯೋ ತರಗತಿಗೆ ಹತ್ತು ನಿಮಿಷ ಮೊದಲೇ ಶೂ ಹಾಕಿಕೊಂಡು ಸಿದ್ಧ. ಬೋರ್ಗ್ ಅಂಕಿಯನ್ನೂ ಬಿ.ಪಿ.ಯನ್ನೂ ಹಾಜರಿ ಪುಸ್ತಕದಂತೆ ಬರೆದಿಡುತ್ತಿದ್ದರು. ಕೆಲವೇ ವಾರಗಳಲ್ಲಿ ಉದ್ಯಾನವನ ಸುತ್ತಿ ಬರತೊಡಗಿದರು.

2021ರಲ್ಲಿ ಅವರ ಶ್ರೀಮತಿಯವರಿಗೆ ಹೃದಯಾಘಾತವಾಯಿತು. ಅವರಿಗೂ ರಿಹ್ಯಾಬ್ ಪತ್ರ ಬಂತು. ಅದೇ ಮನೆ, ಅದೇ ಟ್ಯಾಬ್ಲೆಟ್, ಅದೇ ಕುರ್ಚಿ. ಆದರೆ ಆ ತಾಯಿ "ನನಗೇನಾಗಿದೆ? ಅಡುಗೆ ಮನೆಯಲ್ಲಿ ಓಡಾಡ್ತಾನೇ ಇರ್ತೀನಲ್ಲ" ಎಂದುಬಿಟ್ಟರು. ನರ್ಸ್ ಫೋನ್ ಮಾಡಿ ಕೇಳಿದ್ದಕ್ಕೆಲ್ಲ "ಫೈನ್, ಫೈನ್" ಎಂದರು. ಉಳಿದದ್ದಕ್ಕೆ ಮಗ ಉತ್ತರ ಕೊಟ್ಟರು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿಯೇ ಇತ್ತು.

ನಮ್ಮ ಗುಂಪಿನ ಒಬ್ಬ ಹೆಣ್ಣುಮಗಳು, ಮುಂದಿನ ಕರೆಗೆ ಕನ್ನಡದ ದುಭಾಷಿ ಬೇಕೆಂದು ಕೇಳಲು ಸೊಸೆಗೆ ಹೇಳಿದರು. ಎನ್‌ಎಚ್‌ಎಸ್‌ನಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ. ಫೋನಿನಲ್ಲೇ ದುಭಾಷಿ ಸಿಕ್ಕರು. "ಅಮ್ಮಾ, ಮೆಟ್ಟಿಲು ಹತ್ತುವಾಗ ಹೇಗನ್ನಿಸುತ್ತೆ?" ಎಂದು ಕನ್ನಡದಲ್ಲಿ ಕೇಳಿದಾಗ ಮಾತು ಹೊರಬಂತು. ಅರ್ಧ ಮೆಟ್ಟಿಲಿಗೆ ಕುಳಿತುಬಿಡುತ್ತಿದ್ದರು. ಒಂದು ಮಾತ್ರೆ ನುಂಗಿದರೆ ತಲೆ ತಿರುಗುತ್ತದೆಂದು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರು. ಮಗನಿಗೆ ಗೊತ್ತಿರಲಿಲ್ಲ, ಯಜಮಾನರಿಗೂ ಗೊತ್ತಿರಲಿಲ್ಲ. ನರ್ಸ್ ಕೂಡಲೇ ಜಿ.ಪಿ.ಗೆ ತಿಳಿಸಿ ಮಾತ್ರೆಯ ಪ್ರಮಾಣ ಸರಿಪಡಿಸಿಸಿದರು. ಆ ಬಳಿಕ ಅವರು ಕುರ್ಚಿಯ ವ್ಯಾಯಾಮ ಆರಂಭಿಸಿದರು. ಬೋರ್ಗ್ ಅಂಕಿ ಅವರಿಗೆ ಹಿಡಿಸಲಿಲ್ಲ. ಆಗ ಸೊಸೆ ಒಂದು ಕಾಗದದ ಮೇಲೆ "ಆರಾಮ, ಪರವಾಗಿಲ್ಲ, ಸ್ವಲ್ಪ ಏದುಸಿರು, ಸಾಕಪ್ಪಾ ಸಾಕು" ಎಂದು ಬರೆದು ಗೋಡೆಗೆ ಅಂಟಿಸಿದರು. ಅತ್ತೆ ಬೆರಳು ತೋರಿಸುವುದು, ಸೊಸೆ ನರ್ಸ್‌ಗೆ ವಿವರಿಸುವುದು. ಇಂದು ಆ ತಾಯಿ ನಡುವೆ ಕೂರದೆ ಮಹಡಿ ಹತ್ತುತ್ತಾರೆ.

ಈ ಮನೆಯಲ್ಲಿ ತಂತ್ರಜ್ಞಾನದ ಕೊರತೆ ಇರಲಿಲ್ಲ ಎಂಬುದನ್ನು ಗಮನಿಸಿ. ಯಂತ್ರ ಇಬ್ಬರಿಗೂ ಒಂದೇ. ಒಬ್ಬರಿಗೆ ಭಾಷೆಯಿತ್ತು, ಬಿಡುವಿತ್ತು. ಇನ್ನೊಬ್ಬರಿಗೆ ಅವೆರಡನ್ನೂ ಮನೆಯವರು ಮಾಡಿಕೊಡಬೇಕಾಯಿತು. ರಿಹ್ಯಾಬಿಗೆ ಹೆಂಗಸರೂ ಅಲ್ಪಸಂಖ್ಯಾತ ಸಮುದಾಯದವರೂ ಕಡಿಮೆ ಬರುತ್ತಾರೆಂಬ ಮಾತು ಕೋವಿಡ್‌ಗೆ ಮುಂಚೆಯೂ ಇತ್ತು. ತರಗತಿ ಮನೆಯ ಹಜಾರಕ್ಕೇ ಬಂದರೂ ಅಡುಗೆ ಮನೆಯಿಂದ ಹಜಾರಕ್ಕೆ ಬರುವ ಹತ್ತು ಹೆಜ್ಜೆ ನಮ್ಮ ತಾಯಂದಿರಿಗೆ ದೂರವಾಗಿಯೇ ಉಳಿಯಿತು. ಆ ಹತ್ತು ಹೆಜ್ಜೆಯನ್ನು ಯಾವ ಸಾಫ್ಟ್‌ವೇರೂ ನಡೆಸಲಾರದು.

ಇನ್ನೂ ಕೆಲವು ಸಂಗತಿಗಳು ವಿಡಿಯೋದಲ್ಲಿ ಬರಲಿಲ್ಲ. ತರಗತಿ ಮುಗಿದ ಮೇಲೆ ಚಹಾ ಕುಡಿಯುತ್ತಾ "ನಿಮಗೂ ಹಾಗೇ ಆಗುತ್ತಾ?" ಎಂದು ಇನ್ನೊಬ್ಬ ರೋಗಿಯನ್ನು ಕೇಳಿದಾಗ ಸಿಗುವ ಧೈರ್ಯ ಅವುಗಳಲ್ಲಿ ಒಂದು. ಒಂಟಿಯಾಗಿರುವ ಹಿರಿಯರಿಗೆ ಇದು ದೊಡ್ಡ ನಷ್ಟವೇ ಆಗಿತ್ತು.

ಯೋಗ ಸಾಲದೇ?

ಪ್ರತಿ ಮನೆಯಲ್ಲೂ ಕೇಳುವ ಪ್ರಶ್ನೆ ಇದು. ಲಂಡನ್ನಿನ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಸಂಸ್ಥೆಯವರೂ ಭಾರತದ ತಜ್ಞರೂ ಸೇರಿ ಭಾರತದ 24 ಆಸ್ಪತ್ರೆಗಳಲ್ಲಿ, ಹೃದಯಾಘಾತವಾದ 3,959 ಜನರಲ್ಲಿ ಇದನ್ನು ಪರೀಕ್ಷಿಸಿದರು. ಫಲಿತಾಂಶ ಬಂದದ್ದೂ 2020ರಲ್ಲೇ. ಯೋಗ ಆಧಾರಿತ ರಿಹ್ಯಾಬ್ ಪಡೆದವರು ತಮ್ಮ ಆರೋಗ್ಯ ಸುಧಾರಿಸಿದೆ ಎಂದರು, ಹಳೆಯ ಚಟುವಟಿಕೆಗಳಿಗೆ ಹೆಚ್ಚಾಗಿ ಮರಳಿದರು. ಆದರೆ ಸಾವು ಅಥವಾ ಮರು ಆಘಾತ ಕಡಿಮೆಯಾಯಿತೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಯೋಗ ಮಾಡಿ, ಸಂತೋಷ. ರಿಹ್ಯಾಬ್ ತಂಡಕ್ಕೆ ಹೇಳಿ ಮಾಡಿ, ಮಾತ್ರೆ ಬಿಟ್ಟು ಮಾತ್ರ ಮಾಡಬೇಡಿ.

ಇನ್ನು ಮುಂದೆ

ಹಜಾರಗಳ ಬಾಗಿಲು ತೆರೆದು ವರ್ಷಗಳಾಗಿವೆ. ಆದರೂ ಮನೆಯ ದಾರಿ ಮುಚ್ಚಿಲ್ಲ. ಹಲವು ಕಡೆ ಆಸ್ಪತ್ರೆಯಲ್ಲೋ ಮನೆಯಲ್ಲೋ ಎರಡನ್ನೂ ಸೇರಿಸಿಯೋ ಎಂದು ರೋಗಿಯನ್ನೇ ಕೇಳುತ್ತಾರೆ. ಕಷ್ಟಕಾಲದಲ್ಲಿ ಕಲಿತದ್ದು ನಮಗೆ ಉಳಿದ ಲಾಭ. ನಿಮ್ಮಲ್ಲಿ ನಮ್ಮ ಬಿನ್ನಹ ಇಷ್ಟು.

ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ರಿಹ್ಯಾಬ್‌ಗೆ ಹೆಸರು ಕಳುಹಿಸಿದ್ದಾರೆಯೇ ಎಂದು ಕೇಳಿ. ಮನೆಗೆ ಬಂದ ಹತ್ತು ದಿನದೊಳಗೆ ತಂಡದವರು ನೋಡಬೇಕೆಂಬುದು ಇಲ್ಲಿನ ಮಾರ್ಗಸೂಚಿ. ಸುದ್ದಿಯಿಲ್ಲದಿದ್ದರೆ ನೀವೇ ಫೋನ್ ಮಾಡಿ.

ಬಂದ ಪತ್ರವನ್ನು ಫ್ರಿಜ್ಜಿನ ಮೇಲಿನ ಕಾಗದಗಳ ರಾಶಿಗೆ ಸೇರಿಸಬೇಡಿ.

ಅಪ್ಪ ಅಮ್ಮನ ಪರವಾಗಿ ನೀವೇ ಉತ್ತರ ಕೊಡಬೇಡಿ. ಅವರ ಮಾತು ಅವರ ಬಾಯಿಂದಲೇ ಬರಲಿ, ಬೇಕಾದರೆ ದುಭಾಷಿಯನ್ನು ಕೇಳಿ ಪಡೆಯಿರಿ.

ಅಮ್ಮನ ತರಗತಿಯ ದಿನ ಅಡುಗೆ ಬೇರೆಯವರು ಮಾಡಲಿ. ಒಂದು ದಿನ ಉಪ್ಪಿಟ್ಟು ಗಂಟು ಗಂಟಾದರೆ ಆಕಾಶವೇನೂ ಬೀಳುವುದಿಲ್ಲ!

ಎದೆನೋವು ಬಂದರೆ ಕಾಯುವುದು ಬೇಡ, 999ಕ್ಕೆ ಕರೆ ಮಾಡಿ.

ತಂದೆ ತಾಯಿ ಊರಿನಲ್ಲಿದ್ದರೆ, ಶಿವಮೊಗ್ಗವಿರಲಿ ಮಂಗಳೂರಿರಲಿ, ಭಾನುವಾರದ ವಿಡಿಯೋ ಕರೆಯಲ್ಲಿ "ಊಟ ಆಯ್ತಾ?" ಎಂಬುದರ ಜೊತೆಗೆ "ಇವತ್ತು ಎಷ್ಟು ನಡೆದಿರಿ, ಏದುಸಿರು ಬಂತಾ, ಮಾತ್ರೆ ತಗೊಂಡಿರಾ?" ಎಂದೂ ಕೇಳಿ. ಅಲ್ಲಿನ ವೈದ್ಯರಲ್ಲಿ ರಿಹ್ಯಾಬ್ ಸೌಲಭ್ಯದ ಬಗ್ಗೆ ವಿಚಾರಿಸಿ.

ಈ ಸಂಜೆ ಸಂಗ್ರಹವಾಗುವ ನಿಧಿಯ ಒಂದು ಪಾಲನ್ನು ಬಿ.ಪಿ. ಯಂತ್ರ ಮತ್ತು ಟ್ಯಾಬ್ಲೆಟ್‌ಗಳನ್ನು ಕೊಂಡು ಅಗತ್ಯವಿರುವ ಮನೆಗಳಿಗೆ ಕೆಲವು ತಿಂಗಳ ಮಟ್ಟಿಗೆ ಕೊಡಲು, ವೈದ್ಯರು ನೋಡಿ ಒಪ್ಪಿದ ಕನ್ನಡ ಕರಪತ್ರಗಳನ್ನು ಅಚ್ಚು ಹಾಕಿಸಲು ಸಮಿತಿ ಮೀಸಲಿಟ್ಟಿದೆ. ಹಣ ಕೊಡಲಾಗದವರು ವಾರಕ್ಕೆ ಒಂದು ಗಂಟೆ ಕೊಡಿ. ಒಬ್ಬ ಹಿರಿಯರ ಮನೆಗೆ ಹೋಗಿ ಟ್ಯಾಬ್ಲೆಟ್ ಸರಿಯಾಗಿ ನಿಲ್ಲಿಸಿಕೊಡಲು, ಒಂಟಿಯಾಗಿರುವವರ ಜೊತೆ ತರಗತಿಯಾದ ಮೇಲೆ ಒಂದು ಲೋಟ ಕಾಫಿ ಕುಡಿಯಲು ಅಷ್ಟು ಸಾಕು. ಹನಿ ಹನಿಗೂಡಿದರೆ ಹಳ್ಳ ಎಂಬ ಮಾತು ನಿಮಗೆ ಹೊಸದಲ್ಲ.

 ಊಟದ ಸಾಲಿಗೆ ಹೋಗುವ ಮುನ್ನ ಬಾಗಿಲ ಬಳಿಯ ಮೇಜಿನಲ್ಲಿ ಸ್ವಯಂಸೇವಕರ ಪಟ್ಟಿಗೆ ನಿಮ್ಮ ಹೆಸರು ಬರೆಯಿರಿ. ನಿಮ್ಮೆಲ್ಲರ ಹೃದಯ ಗಟ್ಟಿಯಾಗಿರಲಿ, ಮನಸ್ಸು ಮೃದುವಾಗಿರಲಿ.

ಸಿರಿಗನ್ನಡಂ ಗೆಲ್ಗೆ!